ಸಿಂಕಲ್ಲಿ ಸೋಡಿಯಂ ಇದೆ

ಚಿಕ್ಕಮ್ಮಾ, ನಲ್ಲಿ ತಿರುಗಿಸ್ಬೇಡ! ಅದಕ್ಕೇ ಈ ಚೀಟೀನ ನಲ್ಲಿಗೇ ಸುತ್ತಿದೀನಿ.

ತೊಳೆಯೋಕೆ ಅಂತ ಸಿಂಕಲ್ಲಿ ಬಾಟಲಿ ಗುಡ್ಡೆ ಹಾಕಿದೀಯಲ್ಲ, ಅದ್ರಲ್ಲಿ ಪುಟ್ಟದು ನಂದು. ಒಳಗಿರೋ ಬೂದು ತುಂಡು ಕೊಳೆ ಅಲ್ಲ, ಸೋಡಿಯಂ. ಒಂದೊಂದು ಮೂಲವಸ್ತುವಿನ ಚೂರು ಕೂಡಿಸಿಡ್ತಿರೋ ನನ್ ಗೋಡೆ ಕೋಷ್ಟಕದಲ್ಲಿ ಹನ್ನೊಂದನೇ ಮನೆ ಖಾಲಿ ಇತ್ತು ಅಂತ ಕಾಲೇಜ್ ಲ್ಯಾಬಿಂದ ಕೇಳದೆ ತಂದೆ. ಅದರ ಪರಮಾಣುವಿನ ಹೊರಸುತ್ತಲ್ಲಿ ಒಂದೇ ಎಲೆಕ್ಟ್ರಾನ್, ನೀರು ಸಿಕ್ರೆ ಕೊಟ್ಟುಬಿಟ್ಟು ಸಿಡಿಯತ್ತೆ. ಸೀಮೆಎಣ್ಣೇಲಿ ಮುಳುಗಿಸಿಟ್ಟಿದ್ದೆ, ನೀನು ಚೆಲ್ಲಿಬಿಟ್ಟಿದೀಯ. ಬಾಟಲಿ ಕಂಡ್ರೆ ನಿನ್ ಕೈ ಸುಮ್ನಿರಲ್ವಲ್ಲ ತಾಯಿ!

ನನ್ ಕೈಯೆಲ್ಲಾ ಬೆವರಿ ಒದ್ದೆ, ಮುಟ್ಟೋಕೆ ಧೈರ್ಯ ಇಲ್ಲ. ಲ್ಯಾಬ್ ಅಟೆಂಡರ್‌ನ ಕರ್ಕೊಂಡ್ ಬರೋಕೆ ಓಡ್ತಿದೀನಿ. ನಿಂಗೆ ಹೇಳೋಣ ಅಂದ್ರೆ ಫೋನ್ ಇಲ್ಲೇ ಬಿಟ್ಟು ಹೋಗಿದೀಯ.

ಓದಿದ ತಕ್ಷಣ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಿರು. ನೀನಲ್ಲಿ ಕೂತಿರೋದು ಕಂಡ್ರೆ ಸಾಕು, ಎಷ್ಟ್ ಬೇಕಾದ್ರೂ ಬೈಸ್ಕೊಳ್ತೀನಿ.