ಬುರುಡೆಯ ಮುಂದೆ ನಿಂತ ಕುರುಬ

ರೋಮ್, ಸೆಪ್ಟೆಂಬರ್ 1620

ಅಪ್ಪನಿಗೆ ಬೆರಾರ್ಡೊನ ನಮಸ್ಕಾರ.

ಆ ಚಿತ್ರಕ್ಕೆ ಖರ್ಚಾದದ್ದು ಒಂದು ಕ್ಯಾನ್ವಾಸು, ನನ್ನ ಅಂಗಡಿಯ ಬಣ್ಣ, ಸ್ಮಶಾನದಿಂದ ತಂದ ಬುರುಡೆ ಮತ್ತು ನಮ್ಮ ವೆನಾಂಜೊ. ಜೂನ್‌ನಲ್ಲಿ ಮಂದೆಯೆಲ್ಲ ಬೆಟ್ಟ ಹತ್ತಿದರೂ ತಮ್ಮ ಯಾಕೆ ಕೆಳಗುಳಿದ ಎಂದು ಪಾದ್ರಿಯ ಕೈಯಲ್ಲಿ ಬರೆಸಿ ಕೇಳಿದ್ದೀರಿ. ಉಳಿಸಿಕೊಂಡವನು ನಾನು.

ನನ್ನ ಅಂಗಡಿಯಲ್ಲಿ ಬಣ್ಣ ಕೊಳ್ಳುವ ಚಿತ್ರಕಾರನೊಬ್ಬನಿಗೆ ಎದುರು ನಿಲ್ಲಲು ನಿಜವಾದ ಕುರುಬ ಬೇಕಿತ್ತು. ಬುರುಡೆಯ ಕೆಳಗಿನ ಕಲ್ಲಿನಲ್ಲಿ ಲ್ಯಾಟಿನ್ ಮಾತೊಂದನ್ನು ಬರೆದಿದ್ದ: ‘ಅರ್ಕಾಡಿಯಾದಲ್ಲೂ ನಾನಿದ್ದೇನೆ.’ ಚಿತ್ರ ಬರೆಸಿದ ಧನಿಕರು ಹೊಸದಾಗಿ ಹೊಸೆದ ಮಾತಂತೆ. ಅರ್ಕಾಡಿಯಾ ಕವಿಗಳು ಕಟ್ಟಿದ ಕುರುಬರ ನಾಡು, ಅಲ್ಲಿ ಹಾಡು ಬಿಟ್ಟರೆ ಬೇರೆ ಕೆಲಸವಿಲ್ಲ. ಅಲ್ಲಿಗೂ ಸಾವು ಬರುತ್ತದೆಂದು ಬುರುಡೆ ಹೇಳುತ್ತಿದೆ ಎಂದು ತಮ್ಮನಿಗೆ ವಿವರಿಸಿದೆ.

“ಹಲ್ಲಿಲ್ಲದ ಬಾಯಿಗೆ ಎಷ್ಟು ಮಾತು ನೋಡು!” ಎಂದು ನಕ್ಕ. “ಕುರುಬನಿಗೆ ಇದನ್ನ ಬರೆದು ತೋರಿಸ್ಬೇಕೇನಣ್ಣ? ಬಯಲಲ್ಲಿ ಜ್ವರ ಶುರುವಾಗೋ ಹೊತ್ತಾಯ್ತು, ನನ್ನ ಬಿಟ್ಬಿಡು.”

“ಚಿತ್ರದಲ್ಲಿ ನಿನ್ನ ಕೈಯೊಂದು ಬರೆಯೋದು ಬಾಕಿ ಇದೆ ಕಣೋ, ಎರಡೇ ವಾರ. ಕುರಿಗಳೇನು ನಿನ್ನ ನೆನೆಸ್ಕೊಂಡು ಅಳ್ತಾವಾ?” ಎಂದೆ.

ಬೇಸಿಗೆಯ ಬಯಲಲ್ಲಿ ಉಳಿಯಬಾರದೆಂದು ನೀವು ಕಲಿಸಿದ್ದು ನನಗೂ ನೆನಪಿತ್ತು. ಎರಡು ವಾರದಲ್ಲಿ ಕೈ ಬರೆದದ್ದಾಯಿತು. ಮೂರನೆಯ ವಾರ ಜ್ವರ ಬಂತು.

ಅವನ ನಾಯಿ ನಾನು ಹಾಕಿದ್ದನ್ನು ಮುಟ್ಟುತ್ತಿಲ್ಲ. ಮುಂದಿನ ತಿಂಗಳು ಮಂದೆ ಇಳಿದಾಗ ನಿಮ್ಮವರು ಬಂದು ಕರೆದೊಯ್ಯಲಿ.

ಧನಿಕರಿಗೆ ಚಿತ್ರ ಸಿಕ್ಕಿತು. ಚಿತ್ರಕಾರನಿಗೆ ಹೆಸರು ಬಂತು. ನನ್ನ ಅಂಗಡಿಗೆ ಮೂವರು ಹೊಸ ಗಿರಾಕಿಗಳು ಬಂದರು. ನಿಮಗೆ ನಾಯಿ ಬರುತ್ತದೆ.

ನಿಮ್ಮ ಹಿರಿಮಗ,
ಬೆರಾರ್ಡೊ