ಎಡಗಡೆಯ ಹಿಡಿಕೆ

ಮಕ್ತಲ್, ನಾರಾಯಣಪೇಟ ಜಿಲ್ಲೆ, ತೆಲಂಗಾಣ

ರಾಯಚೂರಿನ ಸೈಕಲ್ ಅಂಗಡಿಯ ಗುರುಲಿಂಗಪ್ಪನವರಿಗೆ ಶರಣು.

ನನ್ನ ಸೊಸೆ ಶಿರೀಷಾ ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್ ಪಂದ್ಯದ ಸೈಕಲ್ ಹೊಂದಿಸಿಕೊಳ್ಳಲು ಸೋಮವಾರ ನಿಮ್ಮಲ್ಲಿಗೆ ಬರುತ್ತಾಳೆ. ಕೃಷ್ಣಾ ಹೊಳೆಯನ್ನು ಈಜಿ ದಾಟಿ, ಮೈ ಒರೆಸಿಕೊಳ್ಳದೆ ಸೈಕಲ್ ಹತ್ತುವ ಗಟ್ಟಿಗಿತ್ತಿ. ಚಿಕ್ಕಂದಿನಲ್ಲಿ ಮುರಿದ ಎಡಗೈ ಮಾತ್ರ ಮೊಣಕೈಯಿಂದ ಮುಂದಕ್ಕೆ ಒಂದು ಬೆರಳಿನಗಲದಷ್ಟು ಗಿಡ್ಡ. ಆದ್ದರಿಂದ ಮೊಣಕೈ ಊರಿ ಮುಂದೆ ಹಿಡಿಯುವ ಆ ಏರೋಬಾರ್‌ಗಳಲ್ಲಿ ಎಡಗಡೆಯದನ್ನು ಅಷ್ಟೇ ಹಿಂದಕ್ಕೆ ಸರಿಸಿಕೊಡಿ. ಇಲ್ಲದಿದ್ದರೆ ಭುಜ ನೋಯುತ್ತದೆ. ಕೇಳಿದರೆ ಅವಳು "ಏನಿಲ್ರೀ, ಆರಾಮ ಐತಿ" ಅನ್ನುತ್ತಾಳೆ. ನಂಬಬೇಡಿ.

ನಾನು ಬರೆದದ್ದನ್ನೂ ಅವಳಿಗೆ ಹೇಳಬೇಡಿ. ಅವಳ ತುಂಬುತೋಳಿನ ಅಂಗಿಗಳನ್ನು ಹೊಲಿಯುವವಳು ನಾನೇ. ಎಡತೋಳನ್ನು ಪ್ರತಿಸಲ ಒಂದು ಬೆರಳು ಗಿಡ್ಡ ಇಡುತ್ತೇನೆ. ಅತ್ತೆಯ ಹೊಲಿಗೆ ಚಂದ ಅಂತಲೇ ಅವಳಿನ್ನೂ ತಿಳಿದಿದ್ದಾಳೆ.

ಇತಿ,
ಅಮರಮ್ಮ