ಹಿಂದಿನ ರೂಮಿನ ಎಂಟು ದಿನ

ಸಿದ್ಧಾರ್ಥನಗರ, ಮೈಸೂರು
೧೮ ಸೆಪ್ಟೆಂಬರ್ ೨೦೨೫, ಗುರುವಾರ

ಪ್ರೀತಿಯ ತನುಶ್ರೀಗೆ,

ಅಮ್ಮನ ಆಶೀರ್ವಾದ. ದಾವಣಗೆರೆಯಲ್ಲಿ ನೀನೂ ಮೋಹನ್ ಅವರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಅಂದುಕೊಳ್ಳುವುದಷ್ಟೇ ನನಗೆ ಉಳಿದಿರುವುದು, ಯಾಕೆಂದರೆ ನೀನು ನನ್ನ ಫೋನ್ ಎತ್ತದೆ ಇವತ್ತಿಗೆ ಹನ್ನೆರಡು ದಿನವಾಯಿತು. ಇಲ್ಲಿ ಎಲ್ಲರೂ ಕ್ಷೇಮ. ಮನೆಯಲ್ಲಿ ಯಾರಿಗೂ ಜ್ವರವಿಲ್ಲ, ಕೆಮ್ಮಿಲ್ಲ. ನಿನ್ನ ಅಜ್ಜಿ ಹಾಲ್‌ನಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದಾರೆ. ಗಾಬರಿಯಾಗಬೇಡ.

ಕಾಗದ ಇಷ್ಟು ತಡವಾದದ್ದಕ್ಕೆ ಮಾತ್ರ ಕ್ಷಮಿಸು. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಅದು ತಪ್ಪೊಪ್ಪಿಗೆಯ ಕಾಗದ ಆಗಿಬಿಟ್ಟಿತು, ಹರಿದು ಹಾಕಿದೆ. ಇದು ಅಂಥ ಕಾಗದವಲ್ಲ. ನೀನು ಫೋನಿನಲ್ಲಿ "ನೀನು ಮನುಷ್ಯಳಾ ಅಮ್ಮ?" ಅಂತ ಕೇಳಿ ಕಟ್ ಮಾಡಿದೆಯಲ್ಲ, ಅದಕ್ಕೆ ಉತ್ತರ. ನಿಮ್ಮ ವಾಣಿ ಅತ್ತೆ ದಟ್ಟಗಳ್ಳಿಯಿಂದ ನಿನಗೆ ಹೇಳಿದ್ದೆಲ್ಲ ನಿಜ. ಆದರೆ ಆಕೆ ಎಲ್ಲಿಂದ ಶುರುಮಾಡಬೇಕಿತ್ತೋ ಅಲ್ಲಿಂದ ಶುರುಮಾಡಿಲ್ಲ. ನಾನು ಮಾಡುತ್ತೇನೆ.

ನಿನ್ನ ತಮ್ಮನ ಹೆಂಡತಿ ಹೇಮಶ್ರೀಗೆ ಈಗ ಏಳು ತಿಂಗಳು. ಈ ಮಳೆಗಾಲದಲ್ಲಿ ಬಸುರಿಯರಿಗೆ ಫ್ಲೂ ಬಂದರೆ ಕಷ್ಟ ಅಂತ ಡಾಕ್ಟರ್ ಹೆದರಿಸಿ ಕಳಿಸಿದ್ದರು. ಜೂನ್ ತಿಂಗಳಲ್ಲೇ ಅವಳಿಗೆ, ನಿನ್ನ ತಮ್ಮನಿಗೆ, ನಿಮ್ಮಪ್ಪನಿಗೆ, ನನಗೆ, ಎಲ್ಲರಿಗೂ ಇಂಜೆಕ್ಷನ್ ಹಾಕಿಸಿದೆ. ಹೊರಗಿನಿಂದ ಬಂದವರು ಸೋಪು ಹಾಕಿ ಕೈ ತೊಳೆಯದೆ ನೀರಿನ ಲೋಟ ಮುಟ್ಟುವ ಹಾಗಿರಲಿಲ್ಲ. ಸಂಜೆ ಐದಕ್ಕೆ ಶುಂಠಿ, ಮೆಣಸು, ಜೀರಿಗೆ, ದೊಡ್ಡಪತ್ರೆಯ ಕಷಾಯ. ಮುಖ ಸೊಟ್ಟಗೆ ಮಾಡಿಕೊಂಡಾದರೂ ಎಲ್ಲರೂ ಕುಡಿಯುತ್ತಿದ್ದರು. ಇಂಜೆಕ್ಷನ್ ಬೇಡ ಅಂದವರು ಒಬ್ಬರೇ, ನಿನ್ನ ಅಜ್ಜಿ. "ನಂಗೆ ಎಪ್ಪತ್ತೊಂಬತ್ತು ಕಣಮ್ಮ, ಒಂದಿನ ಆಸ್ಪತ್ರೆ ಮೆಟ್ಲು ಹತ್ತಿಲ್ಲ. ಸೂಜಿ ನಿಮಗಿರ್ಲಿ ಬುಡು" ಅಂದರು. ನಾನೂ ಬಲವಂತ ಮಾಡಲಿಲ್ಲ. ಅವರಿಗೆ ಬಲವಂತ ಮಾಡಿ ನನಗೆ ಅಭ್ಯಾಸವಿಲ್ಲ.

ಗೌರಿ ಹಬ್ಬದ ದಿನ ಮಗಳಿಗೆ ಬಾಗಿನ ಕೊಡಲು ಅಜ್ಜಿ ಆಟೋ ಮಾಡಿಕೊಂಡು ದಟ್ಟಗಳ್ಳಿಗೆ ಹೋದರು. ವಾಣಿಗೆ ಹಿಂದಿನ ದಿನದಿಂದಲೇ ಜ್ವರ. ಅದನ್ನು ಯಾರಿಗೂ ಹೇಳದೆ ಮಾತ್ರೆ ನುಂಗಿ, ರೇಷ್ಮೆ ಸೀರೆ ಉಟ್ಟು, ಮೊರದ ಬಾಗಿನ ತೆಗೆದುಕೊಂಡಳು. ತಾಯಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಊಟ ಮಾಡಿದಳು. ಆಮೇಲೆ ನಾನು ಕೇಳಿದ್ದಕ್ಕೆ ಏನಂದಳು ಗೊತ್ತಾ? "ಗೌರಿ ವರ್ಷಕ್ಕೊಂದ್ಸಲ ಬರೋದು ಅತ್ತಿಗೆ. ಜ್ವರ ಅಂತ ತವರಿನ ಬಾಗಿನ ಬುಡಕ್ಕಾಗುತ್ತಾ?" ಅಂದಳು. ಮೂರನೇ ದಿನ ಅಜ್ಜಿಗೆ ನೂರಾ ಎರಡು ಡಿಗ್ರಿ. ಡಾಕ್ಟರ್ ಗಂಟಲಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿ, ಫ್ಲೂ, ಐದು ದಿನ ಬೇರೆ ರೂಮಿನಲ್ಲಿರಲಿ, ಬಸುರಿ ಹತ್ತಿರ ಹೋಗೋದು ಬೇಡ ಅಂದರು.

ಐದು ದಿನ ಬೇರೆ ರೂಮು ಅಂದಾಗ ನನ್ನ ಮೈಯೆಲ್ಲ ಕಿವಿಯಾಯಿತು. ಸುಳ್ಳು ಹೇಳುವುದಿಲ್ಲ ತನು, ಸಂತೋಷವಾಯಿತು. ಆಟೋದಲ್ಲಿ ಬರುವಾಗ ಅವರು ಜ್ವರಕ್ಕೆ ನಡುಗುತ್ತಿದ್ದರು. ನಾನು ಅಟ್ಟದ ಮೇಲೆ ಯಾವ ಮೂಲೆಯಲ್ಲಿ ಏನಿದೆ ಅಂತ ನೆನಪು ಮಾಡಿಕೊಳ್ಳುತ್ತಿದ್ದೆ.

ನಮ್ಮ ಮನೆಯ ಪಾತ್ರೆಗಳ ಮೇಲೆಲ್ಲ ನಿಮ್ಮ ತಾತನ ಹೆಸರು ಕೊರೆದಿದೆ, ನೀನು ನೋಡಿದ್ದೀಯ. ಹೆಸರಿಲ್ಲದ್ದು ಎರಡೇ. ಒಂದು ಅಲ್ಯೂಮಿನಿಯಂ ತಟ್ಟೆ, ಒಂದು ಅಂಚು ನೆಗ್ಗಿದ ಲೋಟ. ಮದುವೆಯಾಗಿ ಲಕ್ಷ್ಮೀಪುರಂ ಮನೆಗೆ ಬಂದ ಮೊದಲ ತಿಂಗಳೇ ಅವು ನನ್ನ ಪಾಲಿಗೆ ಬಂದವು, ಒಂದು ಈಚಲು ಚಾಪೆಯ ಜೊತೆ. ತಿಂಗಳಿಗೆ ಮೂರು ದಿನ ಹಿತ್ತಿಲ ಕಡೆಯ ರೂಮು. ಅಜ್ಜಿ ಬಾಗಿಲ ಹತ್ತಿರ ನಿಂತು ಮೇಲಿನಿಂದ ಅನ್ನ ಹಾಕುವರು, ಮೇಲಿನಿಂದ ನೀರು ಹೊಯ್ಯುವರು. ತಟ್ಟೆ ನಾನೇ ತೊಳೆದು ಕಲ್ಲಿನ ಮೇಲೆ ಬೋರಲು ಹಾಕಬೇಕು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡ ಮೇಲೆ ಮನೆಯವರನ್ನು ಮುಟ್ಟಬಹುದು. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಸಿದ್ಧಾರ್ಥನಗರಕ್ಕೆ ಬಂದ ಮೇಲೆ ಅಜ್ಜಿಗೆ ಮಂಡಿನೋವು ಶುರುವಾಗಿ, ಮೂರು ದಿನ ಒಲೆ ಮುಂದೆ ನಿಲ್ಲಲು ಆಗದೆ, ಆ ಪದ್ಧತಿ ತಾನಾಗಿ ನಿಂತುಹೋಯಿತು. ದೇವರು ಏನೂ ಅನ್ನಲಿಲ್ಲ.

ಆ ಮೂರನ್ನೂ ಅಟ್ಟದಿಂದ ಇಳಿಸಿದೆ. ಬೂದಿ ಬಣ್ಣಕ್ಕೆ ತಿರುಗಿದ ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ, ಗುರುತು ಸಿಗದೆ ಹೋದೀತು ಅಂತ. ಮಧ್ಯಾಹ್ನ ಗಂಜಿ, ಸುಟ್ಟ ಹಪ್ಪಳ ಹಾಕಿ ಹಿಂದಿನ ರೂಮಿನ ಹೊಸ್ತಿಲಿನಲ್ಲಿ ನಿಂತು, ಕೈ ಎತ್ತಿ, ಮೇಲಿನಿಂದ ನೀರು ಹೊಯ್ದೆ. ಅಜ್ಜಿ ಲೋಟ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಪದ್ಮ, ಇದನ್ನ ಇನ್ನೂ ಇಟ್ಕೊಂಡಿದ್ದೀಯಾ?"

"ಇಟ್ಕೊಂಡಿದ್ದೀನಿ ಅತ್ತೆ. ಬೇರೆ ಯಾವುದಕ್ಕೂ ಬಳಸ್ಬೇಡ ಅಂತ ನೀವೇ ಹೇಳಿದ್ರಲ್ಲ."

ಅವರು ಗಂಜಿ ಕುಡಿದರು. ನಾನು ಅಡುಗೆಮನೆಗೆ ಬಂದು ಎರಡು ಲೋಟ ಕಾಫಿ ಕುಡಿದೆ.

ವಾಣಿ ಹೇಳಿರಬಹುದು, ಅಮ್ಮನನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ. ಅದೊಂದು ಮಾತ್ರ ಸುಳ್ಳು. ದಿನಕ್ಕೆ ನಾಲ್ಕು ಸಲ ಜ್ವರ ನೋಡಿದೆ, ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದೆ, ಮಾತ್ರೆ ಹೊತ್ತು ಹೊತ್ತಿಗೆ, ಬಿಸಿನೀರು ಫ್ಲಾಸ್ಕಿನಲ್ಲಿ, ಮೆಣಸಿನ ಸಾರು ಕುದಿಕುದಿಯುವ ಹಾಗೇ. ಇಷ್ಟು ಅಚ್ಚುಕಟ್ಟಾಗಿ ಸೇಡು ತೀರಿಸಿಕೊಂಡವರು ಈ ಬೀದಿಯಲ್ಲಿ ಇನ್ನೊಬ್ಬರಿರಲಾರರು. ನಿಮ್ಮಪ್ಪ ಎರಡನೇ ದಿನ ನನ್ನ ಹಿಂದೆ ಹಿಂದೆ ಬಂದು, "ಸೋಪು ಹಾಕಿ ತೊಳೆದ್ರೆ ಯಾವ ತಟ್ಟೆ ಆದ್ರೂ ಆಗುತ್ತೆ ಅಂದ್ರಲ್ಲ ಡಾಕ್ಟ್ರು. ಅಮ್ಮನಿಗೆ ಒಂದು ಸ್ಟೀಲ್ ತಟ್ಟೇಲಿ ಕೊಡಬಾರ್ದಾ?" ಅಂದರು.

"ಈ ಮಾತು ಲಕ್ಷ್ಮೀಪುರಂನಲ್ಲಿ ನಿಮಗೆ ಯಾಕೆ ನೆನಪಾಗ್ಲಿಲ್ಲ?" ಅಂದೆ. ಅವರು ಪೇಪರ್ ಹಿಡಿದುಕೊಂಡು ವರಾಂಡಕ್ಕೆ ಹೋದರು. ಲಕ್ಷ್ಮೀಪುರಂನಲ್ಲೂ ಅವರು ಪೇಪರ್ ಹಿಡಿದುಕೊಂಡು ವರಾಂಡಕ್ಕೇ ಹೋಗುತ್ತಿದ್ದದ್ದು.

ಈಗ ಆ ಮುಖ್ಯ ವಿಷಯ. ನಾಲ್ಕನೇ ದಿನ ಜ್ವರ ಬಿಟ್ಟಿತು. ಐದನೇ ದಿನ ಸಂಜೆ ಡಾಕ್ಟರಿಗೆ ಫೋನ್ ಮಾಡಿದೆ. "ಇನ್ನು ಈಚೆಗೆ ಬರಬಹುದು, ಎರಡು ದಿನ ಮಾಸ್ಕ್ ಹಾಕಿಕೊಳ್ಳಲಿ" ಅಂದರು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಇನ್ನೂ ಮೂರು ದಿನ ಇರಬೇಕಂತೆ ಅಂದೆ. ಐದು ದಿನ ಹೇಮಶ್ರೀಗೆ, ಮೂರು ದಿನ ನನಗೆ.

ಆ ಮೂರು ದಿನದ ಮೊದಲನೇ ದಿನವೇ ವಾಣಿ ಬಂದದ್ದು. ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ರೂಮಿನಿಂದ ಎಂಟು ಅಡಿ ದೂರ ನಿಂತಳು. ಒಳಗೆ ಹೋಗು ವಾಣಿ, ನಿನ್ನಿಂದಲೇ ಬಂದ ಜ್ವರ, ನಿನಗೇನೂ ಆಗುವುದಿಲ್ಲ ಅಂದೆ. ಹೋಗಲಿಲ್ಲ. ತಾಯಿ ಒಳಗಿನಿಂದ ತಟ್ಟೆ ತೊಳೆದು ತಂದು ಬಾಗಿಲ ಹೊರಗೆ ಬೋರಲು ಹಾಕಿದ್ದನ್ನು ನೋಡಿದಳು. ಆ ತಟ್ಟೆ ಅವಳಿಗೂ ಗೊತ್ತು. ಕಣ್ಣಲ್ಲಿ ನೀರು ಹಾಕಿಕೊಂಡು, "ಇದೆಲ್ಲಾ ಬೇಕಿತ್ತಾ ಅತ್ತಿಗೆ" ಅಂದಳು. ನನ್ನ ಮದುವೆಯಾದಾಗ ಅವಳಿಗೆ ಹದಿನೇಳು ವರ್ಷ. ಅವಳ ಮೂರು ದಿನಗಳಿಗೆ ಹಾಸಿಗೆಯಿತ್ತು, ತಾಯಿ ಪಕ್ಕದಲ್ಲೇ ಕೂತು ತಲೆ ಬಾಚುತ್ತಿದ್ದರು. ಸೊಸೆಗೆ ಒಂದು, ಮಗಳಿಗೆ ಒಂದು.

ಏಳನೇ ದಿನ ಅಜ್ಜಿ ಕೇಳಿದರು. "ಜ್ವರ ಬುಟ್ಟು ಮೂರು ದಿನ ಆಯ್ತು ಕಣೇ. ಈಚೆಗೆ ಬರ್ಲಾ?"

"ನಾಳಿದ್ದು ಅತ್ತೆ. ತಲೆಗೆ ನೀರು ಹಾಕ್ಕೊಂಡು ಬನ್ನಿ."

ಅವರಿಗೆ ಅರ್ಥವಾಯಿತು. ಆ ಮುಖ ನೋಡಲು ನಾನು ಎಷ್ಟು ವರ್ಷ ಕಾದಿದ್ದೆ ತನು. ಹೇಳಿದ ದಿನ ಸ್ನಾನ ಮಾಡಿ, ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹಾಲಿಗೆ ಬಂದರು. ಒದ್ದೆ ಕೂದಲು, ಎಂಟು ದಿನದಲ್ಲಿ ಅರ್ಧ ಆಗಿದ್ದರು. ನನ್ನ ಮುಂದೆ ನಿಂತು, "ಈಗ ಮುಟ್ಟಬಹುದಾ?" ಅಂದರು. ವ್ಯಂಗ್ಯವಿರಲಿಲ್ಲ. ನಿಜವಾಗಿಯೇ ಕೇಳಿದರು. ಅದಕ್ಕೊಂದು ಚುಚ್ಚುಮಾತು ಎಷ್ಟೋ ದಿನದಿಂದ ತಯಾರಿಟ್ಟಿದ್ದೆ, ಆದರೆ ಬಾಯಿಗೆ ಬರಲಿಲ್ಲ. ಚಾಪೆ ಇಸಿದುಕೊಂಡೆ. ಅವತ್ತೇ ಮಧ್ಯಾಹ್ನ ನಿನ್ನ ಫೋನ್ ಬಂತು.

ಹೇಮಶ್ರೀಗೆ ಒಂದು ಸೀನೂ ಬರಲಿಲ್ಲ. ಮಗು ಚೆನ್ನಾಗಿ ಒದೆಯುತ್ತಿದೆಯಂತೆ. ಅಜ್ಜಿಯೂ ಮುಂದಿನ ವರ್ಷ ಸೂಜಿ ಹಾಕಿಸಿಕೊಳ್ಳುತ್ತಾರಂತೆ, ಅವರೇ ಹೇಳಿದರು. ನೀನು ದಸರಾಕ್ಕೆ ಬರುವುದಿಲ್ಲ ಅಂತ ತಮ್ಮನಿಗೆ ಮೆಸೇಜ್ ಮಾಡಿದ್ದೀಯ. ಅದನ್ನು ಅಜ್ಜಿಗೆ ನಾನು ಹೇಳಿಲ್ಲ, ನಿನ್ನ ಗೊಂಬೆ ಪೆಟ್ಟಿಗೆ ಇಳಿಸಿ ಒರೆಸಿಟ್ಟಿದ್ದಾರೆ. ನನ್ನ ಮೇಲಿನ ಕೋಪಕ್ಕೆ ಅವರನ್ನು ಕಾಯಿಸಬೇಡ.

ಅಲ್ಲೂ ಮಳೆ ಇರುತ್ತದೆ, ಕಾಯಿಸಿದ ನೀರನ್ನೇ ಕುಡಿ. ಇಬ್ಬರೂ ಇಂಜೆಕ್ಷನ್ ಹಾಕಿಸಿಕೊಳ್ಳಿ. ನಿನ್ನ ಮನೆ ತುಂಬಿರಲಿ, ನಿನ್ನನ್ನು ಯಾರೂ ಎಂದೂ ಬೇರೆ ತಟ್ಟೆ ಕೊಟ್ಟು ಕೂರಿಸದಿರಲಿ.

ನಿನ್ನ ಅಮ್ಮ,
ಪದ್ಮಾವತಿ

ಮರೆತ ಮಾತು: ಅಂಟಿಸುವ ಮೊದಲು ಮತ್ತೆ ಓದಿದೆ. ಮೇಲೆ ಎಲ್ಲ ಬರೆದಿದ್ದೇನೆ, ಒಂದನ್ನು ಬಿಟ್ಟಿದ್ದೇನೆ. ನಿನಗೆ ಒಂದೂವರೆ ವರ್ಷ, ಇದೇ ಮಳೆಗಾಲ, ಇದೇ ಥರದ ಜ್ವರ. ನಾನು ಹಿತ್ತಿಲ ರೂಮಿನಲ್ಲಿ ಎರಡನೇ ದಿನ. ನೀನು ಬಾಗಿಲ ಹೊರಗೆ ಕೂತು ಮಧ್ಯಾಹ್ನವೆಲ್ಲ ಅಮ್ಮ ಅಮ್ಮ ಅಂತ ಅತ್ತೆ. ಅಜ್ಜಿ ಹೊರಗಿನಿಂದ, "ತೆಗೀಬೇಡ ಪದ್ಮ, ಮಗು ನಿನ್ನ ಮುಟ್ಟಿದ್ರೆ ತಲೆಗೆ ನೀರು ಹಾಕ್ಬೇಕು, ಜ್ವರದ ಮೈಗೆ ಆಗಲ್ಲ" ಅಂದರು. ಬಾಗಿಲ ಕೆಳಗಿನ ಸಂದಿಯಿಂದ ನಿನ್ನ ಬೆರಳು ಒಳಗೆ ಬಂದವು. ನಾಲ್ಕು ಬೆರಳು. ನಾನು ಮುಟ್ಟಲಿಲ್ಲ. ಆ ಬಾಗಿಲಿಗೆ ಹೊರಗಡೆ ಚಿಲಕವೇ ಇರಲಿಲ್ಲ ತನು. ಇದ್ದದ್ದು ಒಳಗಡೆ, ನನ್ನ ಕಡೆ. ಸ್ನಾನ ಮಾಡಿ ಬಂದು ಕೈ ಚಾಚಿದಾಗ ನೀನು ಅಜ್ಜಿಯ ಹೆಗಲಿಗೆ ಮುಖ ಒತ್ತಿಕೊಂಡೆ, ಅಲ್ಲಿಂದ ನೀನು ಅವರ ಮಗುವಾದೆ. ಎಂಟು ದಿನ ಅವರನ್ನು ಕೂರಿಸಿದೆ, ಆ ಚಿಲಕ ಮಾತ್ರ ಕೈಯಿಂದ ಹೋಗಲಿಲ್ಲ.

ಈಗ ನೀನು ನನ್ನನ್ನು ಕೂರಿಸಿ ಹನ್ನೆರಡು ದಿನ. ತಲೆಗೆ ಯಾವತ್ತು ನೀರು ಹಾಕಿಕೊಳ್ಳಲಿ, ಹೇಳು.